ಬಿಚ್ಚಿಸಿದ ಸೀರೆ ಗಾರ್ಡು

ಭಾಗ್ಯನಗರದ ಬಸವಕುಮಾರ ಕೊಪ್ಪಳದ ಸ್ಟೀಲ್ ಪಾತ್ರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಹೊಸ ಬೈಕು ಕೊಂಡ ಮೇಲೆ ಅವನ ಮಾತೆಲ್ಲ ಅದರದೇ ಆಗಿತ್ತು. ಮುಂಜಾನೆ ಎದ್ದವನೇ ಗಾಲಿಯ ಗಾಳಿ ಒತ್ತಿ ನೋಡುವನು, ಚೈನಿಗೆ ಎಣ್ಣೆ ಬಿಡುವನು, ಮೆತ್ತನೆಯ ಬಟ್ಟೆಯಿಂದ ಪೆಟ್ರೋಲ್ ಟಾಕಿ ಒರೆಸುವನು. ಓಣಿಯಲ್ಲಿ ಯಾರದಾದರೂ ಬ್ರೇಕು ಕಿರುಗುಟ್ಟಿದರೆ ತಾನಾಗಿ ಹೋಗಿ ಬುದ್ಧಿ ಹೇಳುವನು. ಗಾಡಿಯ ವಿಷಯದಲ್ಲಿ ಅವನಷ್ಟು ಕಾಳಜಿಯವನಿಲ್ಲ ಎಂದು ಜನ ನಂಬಿದ್ದರು.

ಸೆರಗು ಸಿಕ್ಕಿಕೊಳ್ಳದಂತೆ ಹಿಂದಿನ ಗಾಲಿಗೆ ಅಡ್ಡವಾಗಿದ್ದ ಸೀರೆ ಗಾರ್ಡು ಮಾತ್ರ ಅವನ ಕಣ್ಣಿಗೆ ಹಿಡಿಸಲಿಲ್ಲ. ಒಂದು ದಿನ ಮೆಕ್ಯಾನಿಕ್ ವಾಹೀದನ ಹತ್ತಿರ ಅದನ್ನು ಬಿಚ್ಚಿಸಿದ.

"ಹೆಣ್ಮಕ್ಕಳು ಕೂಡ್ತಾರಲ್ರಿ, ಇರ್ಲಿ ಬಿಡ್ರಿ," ಎಂದ ವಾಹೀದ.

"ನಮ್ಮಕಿ ಚೂಡಿದಾರ ಹಾಕ್ತಾಳ. ತಗಿ, ಗಾಡಿ ಛಲೋ ಕಾಣ್ತೈತಿ."

ಅಕ್ಕ ಕಳಕಮ್ಮನ ನೆನಪು ಆಗ ಅವನಿಗೆ ಬರಲೇ ಇಲ್ಲ. ತಂದೆತಾಯಿ ತೀರಿದ ಮೇಲೆ ಅವನನ್ನು ಅಳವಂಡಿಯ ತನ್ನ ಗಂಡನ ಮನೆಯಲ್ಲಿಟ್ಟುಕೊಂಡು, ಸಾಲಿ ಕಲಿಸಿ, ಮದುವೆ ಮಾಡಿದವಳು ಅವಳೇ.

ಶ್ರಾವಣ ಕಳೆದ ಮೇಲೆ ಕಿನ್ನಾಳದ ನೆಂಟರ ಮನೆಯಲ್ಲಿ ಬಸುರಿ ಸೊಸೆಯ ಕುಬಸವಿತ್ತು. ಕಳಕಮ್ಮ ಕೊಪ್ಪಳದವರೆಗೆ ಬಸ್ಸಿನಲ್ಲಿ ಬಂದಳು. ಅಲ್ಲಿಂದ ಮುಂದೆ ತಮ್ಮನ ಬೈಕು. ಇಳಕಲ್ ಸೀರೆ ಉಟ್ಟು, ಉಡಿ ತುಂಬುವ ಸಾಮಾನಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಬದಿಗೆ ಕಾಲು ಬಿಟ್ಟು ಕುಳಿತಳು. ಸೆರಗು ಸೊಂಟಕ್ಕೆ ಸಿಗಿಸಿಕೋ ಎಂದು ಬಸವಕುಮಾರ ಹೇಳಲಿಲ್ಲ. ಹೊಸ ಗಾಡಿ ಹೇಗೆ ಓಡುತ್ತದೆಂದು ತೋರಿಸುವ ಆತುರ ಅವನಿಗೆ.

ಊರು ದಾಟಿ ಮೆಕ್ಕೆಜೋಳದ ಹೊಲಗಳ ನಡುವೆ ಹೋಗುವಾಗ ಹಿಂದಿನಿಂದ ಯಾರೋ ಜಗ್ಗಿದಂತಾಯಿತು. "ತಮ್ಮಾ!" ಎಂಬ ಕೂಗಿನ ಜೊತೆಗೇ ಬೈಕು ವಾಲಿತು. ಅವನು ಎದ್ದು ನೋಡಿದಾಗ ಸೆರಗು ಗಾಲಿಗೂ ಚೈನಿಗೂ ಸುತ್ತಿಕೊಂಡು, ಅಕ್ಕ ಅದರ ಬಿಗಿತಕ್ಕೆ ಸಿಕ್ಕು ನೆಲದ ಮೇಲಿದ್ದಳು. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸೊಬ್ಬಳು ಓಡಿ ಬಂದು ಕುಡುಗೋಲಿನಿಂದ ಸೀರೆ ಕೊಯ್ದಳು. ತನ್ನ ತಲೆಯ ಟವೆಲ್ಲನ್ನೇ ಬಿಚ್ಚಿ ಕಳಕಮ್ಮನ ಎದೆಯ ಮೇಲೆ ಹೊದಿಸಿದಳು. ಬಸವಕುಮಾರನಿಗೆ ಅಷ್ಟೂ ಹೊಳೆದಿರಲಿಲ್ಲ.

ಕಳಕಮ್ಮನ ಹೆಗಲಿನ ಮುಂದಿನ ಎಲುಬು ಮುರಿದಿತ್ತು. ದವಾಖಾನೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದರು. ಬಸವಕುಮಾರ ಬಾಯಿ ತೆರೆಯುವ ಮೊದಲೇ ಕಳಕಮ್ಮ, "ನಂದ ತಪ್ಪರಿ. ಸೆರಗಿನ ಮ್ಯಾಲ ಖಬರ ಇರಲಿಲ್ಲ," ಎಂದಳು. ಅವನು ಔಷಧಿಯ ಚೀಟಿ ತೆಗೆದುಕೊಂಡು ಹೊರಗೆ ನಡೆದ.

ಸಂಜೆ ಅವಳ ಗಂಡ ಕರಿಬಸಪ್ಪ ಬಂದು ಗಾಬರಿಯಲ್ಲಿ ಕೂಗಾಡಿದ. "ಎಷ್ಟ ಸಲ ಹೇಳೀನಿ, ಗಾಡಿ ಮ್ಯಾಲ ಕುಂತಾಗ ಸೆರಗ ಕಟ್ಕೊ ಅಂತ? ಪಾಪ, ಆ ಹುಡುಗನೂ ಸಾಯ್ತಿದ್ದ!" ಆಮೇಲೆ ಬಂದವರೆಲ್ಲ ಅದನ್ನೇ ಹೇಳಿದರು. ಕಳಕಮ್ಮ ಮಲಗಿದಲ್ಲೇ ತಲೆಯಾಡಿಸುತ್ತಿದ್ದಳು. ಬಸವಕುಮಾರ ಬಂದವರಿಗೆ ಚಹಾ ತಂದುಕೊಡುತ್ತಿದ್ದ. ಅಕ್ಕನ ಪಾಲಿಗೆ ಬಿದ್ದ ಒಂದೊಂದು ಮಾತಿಗೂ ಅವನ ಕಿವಿ ಬಿಸಿಯಾಗುತ್ತಿತ್ತು. ಆದರೂ ಗಾರ್ಡಿನ ಮಾತು ಎತ್ತಲಿಲ್ಲ.

ಅಕ್ಕ ಅಳವಂಡಿಗೆ ಹೋದ ಮೇಲೆ ಅವನು ಗಪ್‌ಚಿಪ್ಪಾಗಿ ಹೊಸ ಗಾರ್ಡು ಹಾಕಿಸಿದ. ವಾಹೀದ ಹಳೆಯ ಮಾತೆತ್ತಲಿಲ್ಲ. "ಅಕ್ಕಾರು ಹೆಂಗದಾರ್ರಿ?" ಎಂದಷ್ಟೇ ಕೇಳಿದ. ಬಸವಕುಮಾರನಿಗೆ ಅವನ ಮುಖ ನೋಡಲಾಗಲಿಲ್ಲ.

ಅಕ್ಕನನ್ನು ನೋಡಲು ಹೋಗಿ ಅಳವಂಡಿಯ ಅಂಗಳದಲ್ಲಿ ಬೈಕು ನಿಲ್ಲಿಸುತ್ತಲೇ ಕರಿಬಸಪ್ಪನ ಕಣ್ಣು ಹೊಳೆಯುವ ಗಾರ್ಡಿನ ಮೇಲೆ ಬಿತ್ತು. "ಇದು ಇದ್ರೂ ಸೆರಗ ಹೆಂಗ ಸಿಕ್ತೋ?"

"ಹಳೇದು ಸಡ್ಲಾಗಿತ್ತು, ಮಾವ. ಹೊಸಾದು ಹಾಕ್ಸೀನಿ," ಎಂದುಬಿಟ್ಟ.

ಒಳಗೆ ನೆರೆಮನೆಯ ಯಮನೂರಮ್ಮ ರೊಟ್ಟಿ ಬಡಿಯುತ್ತ, "ಸ್ವಲ್ಪ ಎಚ್ಚರ ಇದ್ದಿದ್ರ ನಿನಗ ಈ ಗತಿ ಬರ್ತಿರಲಿಲ್ಲ ನೋಡವ್ವಾ," ಎನ್ನುತ್ತಿದ್ದಳು. ಕೈಯನ್ನು ಕೊರಳಿಗೆ ಕಟ್ಟಿಕೊಂಡ ಕಳಕಮ್ಮ, "ಹೌದವ್ವಾ," ಎಂದಳು. ಆ 'ಹೌದವ್ವಾ' ಕೇಳಿ ಬಸವಕುಮಾರನಿಗೆ ಹೊಸ್ತಿಲು ದಾಟಲು ಆಗಲಿಲ್ಲ.

ಅಲ್ಲೇ ನಿಂತು ಹೇಳಿದ. "ಮಾವ, ಸುಳ್ಳ ಹೇಳ್ದೆ. ಆ ದಿನ ಗಾರ್ಡ ಇರಲೇ ಇಲ್ಲ. ಗಾಡಿ ಚಂದ ಕಾಣ್ಲಿ ಅಂತ ನಾನ ಬಿಚ್ಚಿಸಿದ್ದೆ. ಅಕ್ಕಂದೇನೂ ತಪ್ಪಿಲ್ಲ."

ರೊಟ್ಟಿಯ ಸಪ್ಪಳ ನಿಂತಿತು. ಕರಿಬಸಪ್ಪ ಬೈಯುತ್ತಾನೆಂದು ಬಸವಕುಮಾರ ಕಾದ. ಕರಿಬಸಪ್ಪ ಅವನನ್ನು ದಾಟಿ ಒಳಗೆ ಹೋಗಿ ಹೆಂಡತಿಯ ಪಕ್ಕ ಕುಳಿತ.

ಕಳಕಮ್ಮನೇ ಮಾತಾಡಿದಳು. "ನಂಗೊತ್ತಿತ್ತು ತಮ್ಮಾ. ಬಿದ್ದಲ್ಲಿಂದನ ಗಾಲಿ ನೋಡಿದ್ನಿ. ನಿನ್ನ ಬೈಬಾರ್ದಂತ ಡಾಕ್ಟರ್ ಮುಂದ ಹಂಗಂದೆ. ಆಮ್ಯಾಲರ ನೀನ ಹೇಳ್ತಿ ಅಂತ ದಾರಿ ನೋಡಿದೆ. ನೀ ಚಾ ಕೊಡಕೋತ ನಿಂತಿದ್ದಿ."

ಅವನು ಅವಳ ಕಾಲ ಬಳಿ ಕುಸಿದು ಕುಳಿತ. ಅವಳು ಎದ್ದೇಳೆಂದಳು, ಯಮನೂರಮ್ಮನಿಗೆ ಹೇಳಿ ರೊಟ್ಟಿ ಹಾಕಿಸಿದಳು.

ಎಲುಬು ಕೂಡಿತು, ತುರುಬು ಕಟ್ಟುವಷ್ಟು ಕೈ ಮಾತ್ರ ಮೇಲೇಳುವುದಿಲ್ಲ. ಅಕ್ಕತಮ್ಮಂದಿರ ಹೋಗಿಬರುವ ಬಳಕೆ ತಪ್ಪಿಲ್ಲ. ಆದರೆ ಎಲ್ಲಿಗೆ ಹೋಗುವುದಿದ್ದರೂ ಅವಳು, "ಬಸ್ ಬರ್ತೈತಿ, ನೀ ನಡಿ," ಎನ್ನುತ್ತಾಳೆ.

ಈಗ ಯಾರಾದರೂ ಹೆಂಗಸರು ಬೈಕ್ ಹತ್ತುವುದನ್ನು ಕಂಡರೆ ಬಸವಕುಮಾರ ಅಂಗಡಿಯಿಂದಿಳಿದು ಹೋಗುತ್ತಾನೆ. ಸೆರಗು ಸಿಗಿಸಿಕೊಳ್ಳಲು, ಚೀಲವನ್ನು ಗಾಡಿಗೆ ಭದ್ರವಾಗಿ ಕಟ್ಟಿಸಿ ಎರಡೂ ಕೈಯಿಂದ ಹಿಡಿದು ಕೂಡಲು ಹೇಳುತ್ತಾನೆ. ಇವನಿಗೇಕೆ ಈ ಉಸಾಬರಿ ಎಂದು ಕೇಳಿದವರಿಗೆ ಅಕ್ಕ ಬಿದ್ದದ್ದನ್ನು ಹೇಳುತ್ತಾನೆ. ದವಾಖಾನೆಯಲ್ಲಿ ಸುಮ್ಮನಿದ್ದದ್ದನ್ನೂ ಹೇಳುತ್ತಾನೆ; ಅಷ್ಟು ಹೇಳುವಾಗ ಮಾತ್ರ ಎದುರಿನವರ ಮುಖ ನೋಡುವುದಿಲ್ಲ.