ಕೊಳೆ ಎತ್ತುವ ಲೋಳೆ

ಅಲಖನೂರಿನ ಕಬ್ಬಿನ ಹೊಲಗಳಾಚೆ ಬೆಳಕು ಹರಿಯುತ್ತಿದೆ. ಬೆಲ್ಲದ ಗಾಣದಲ್ಲಿ ಶಿವಗಂಗವ್ವನಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಕುದಿಯುವ ಕೊಪ್ಪರಿಗೆಯ ಸುತ್ತ ತಿರುಗುತ್ತಾರೆ, ಬಗ್ಗುತ್ತಾರೆ, ತೂತಿನ ಸೌಟಿನಿಂದ ನೊರೆ ಸರಿಸುತ್ತಾರೆ, ಮತ್ತೆ ತಿರುಗುತ್ತಾರೆ. ಜಜ್ಜಿದ ಬೆಂಡೆಗಿಡದ ಲೋಳೆ ಹಾಕಿ ಆಗಲೇ ಹೊತ್ತಾಗಿದೆ. ಇಷ್ಟರಲ್ಲಿ ಕಬ್ಬಿನ ರಸದ ಕೊಳೆಯೆಲ್ಲ ಕಪ್ಪಗೆ ಕಂಬಳಿಯಂತೆ ಮೇಲೆ ಬರಬೇಕಿತ್ತು. ಬರುತ್ತಿರುವುದು ಬರೀ ಬಿಳಿ ನೊರೆ. ತೆಗೆದಷ್ಟೂ ಏಳುತ್ತದೆ.

ಇವತ್ತೇ ಹೀಗಾಗಬೇಕೆ? ಗಾಣದ ಮಾಲೀಕ ಭೀಮಗೊಂಡ ಹಾರೂಗೇರಿಯಿಂದ ಬೆಲ್ಲಕ್ಕೆ ಬಣ್ಣ ಬರಿಸುವ ಪುಡಿ ತಂದಿಟ್ಟಿದ್ದಾರೆ. ಲೋಳೆಯಿಂದ ಇವತ್ತು ಬಣ್ಣ ಬರದಿದ್ದರೆ ನಾಳೆಯಿಂದ ಪುಡಿ. ಆಮೇಲೆ ಶಿವಗಂಗವ್ವನಿಗೆ ಕೊಪ್ಪರಿಗೆಯ ಪಕ್ಕ ಜಾಗವಿಲ್ಲ, ಹಿಂಡಿದ ಕಬ್ಬಿನ ಸಿಪ್ಪೆ ಹೊರುವುದೇ ಗತಿ.

ತೆಲಸಂಗದ ಒಣಬೇಸಾಯದ ಮನೆಯ ಮಗಳು. ಕಬ್ಬಿನ ಸೀಮೆ ಕಂಡದ್ದೇ ಮದುವೆಯಾದ ಮೇಲೆ. ಅತ್ತೆ ಕೆಂಚವ್ವ ಕಲಿಸಿದ ಕೆಲಸವಿದು. ದಿನಕ್ಕೆ ನಾಲ್ಕು ಕೊಪ್ಪರಿಗೆ. ಮುಂಗೈ ತುಂಬ ಸುಟ್ಟ ಕಲೆ. ಬೇರೆ ದಿನವಾದರೆ, "ಬಳಿ ತೊಡೂ ಜಾಗಾದಾಗ ಇವ ಅದಾವ ನೋಡ್ರಿ" ಎಂದು ನಗುತ್ತಾರೆ.

ಈಗ ಸೌಟು ಬಿಟ್ಟು ಲೋಳೆಯ ಬಕೆಟ್ಟನ್ನು ಮೂಸುತ್ತಾರೆ. ಸಾಬೂನಿನ ವಾಸನೆ. ಮುಖ ಸಣ್ಣದಾಗುತ್ತದೆ. "ನಾಳೆ ವ್ಯಾಪಾರಿ ಬರ್ತಾನ, ನಿನ್ನ ಬಕೆಟ್ ಎಮ್ಮಿ ಮಾರಿಗತೆ ಕರ್ರಗ ಆಗೇತಿ" ಎಂದು ಭೀಮಗೊಂಡ ನಿನ್ನೆ ಚೇಷ್ಟೆ ಮಾಡಿದ್ದರು. ಅದು ಶಿವಗಂಗವ್ವನ ಮನಸ್ಸಿಗೆ ಹತ್ತಿತ್ತು. ಎಂದೂ ಬೂದಿಯಲ್ಲೇ ತಿಕ್ಕುವವರು ಬಟ್ಟೆ ಒಗೆಯುವ ಪುಡಿ ಹಾಕಿ ತಿಕ್ಕಿದ್ದರು. ಅವಸರದಲ್ಲಿ ನೀರು ಹಾಕಿ ಸರಿಯಾಗಿ ಗಲಬರಿಸಿರಲಿಲ್ಲ.

"ಗೌಡ್ರ, ಈ ಕೊಪ್ಪರಗಿ ರಸಾ ಎಲ್ಲಾ ಚೆಲ್ರಿ. ಸಾಬಾಣ ಕೂಡೇತಿ. ತಪ್ಪ ನಂದ," ಎಂದು ಒಲೆಯ ಬಳಿ ನಿಂತ ಭೀಮಗೊಂಡರಿಗೆ ಹೇಳುತ್ತಾರೆ.

"ಚೆಲ್ಲೂದಾ? ತಲಿ ನೆಟ್ಟಗ ಐತೇನ ಯವ್ವಾ? ನೊರಿ ತಾನ ಇಳೀತೈತಿ ಬಿಡ."

"ಇಳ್ಯಾಂಗಿಲ್ರಿ. ಬಸ್ಸಿನ್ಯಾಗ ಟಾವೆಲ್ ಒಗದ ಸೀಟ ಹಿಡದಂಗ, ಸಾಬಾಣ ಮ್ಯಾಲಿನ ಜಾಗಾ ಎಲ್ಲಾ ಹಿಡಕೊಂಡೈತಿ. ಲೋಳಿ ಎಲ್ಲಿ ಕುಂದ್ರಬೇಕು, ಹೊಲಸ ಹ್ಯಾಂಗ ಎತ್ತಬೇಕು? ಮಂದಿ ಹೊಟ್ಟೀಗಿ ಸಾಬಾಣ ಹಾಕೂದ ನನ್ನ ಕೈಲೆ ಆಗಾಂಗಿಲ್ಲ."

ಭೀಮಗೊಂಡ ಗೊಣಗುತ್ತಾರೆ, ಬೈಯುತ್ತಾರೆ, ಕೊನೆಗೆ ಚೆಲ್ಲಿರೆಂದು ಆಳುಗಳಿಗೆ ಸನ್ನೆ ಮಾಡುತ್ತಾರೆ. ರಸ ಹೊಗೆಯಾಡುತ್ತ ಕಾಲುವೆಗೆ ಹರಿಯುತ್ತದೆ. ಶಿವಗಂಗವ್ವ ಅತ್ತ ನೋಡುವುದಿಲ್ಲ. ಕೊಪ್ಪರಿಗೆ, ಬಕೆಟ್ ಎರಡನ್ನೂ ಬೂದಿ ಹಾಕಿ ತಿಕ್ಕಿ, ನೀರು ಸುರಿದು, ಮತ್ತೆ ಸುರಿದು, ಹೊಸ ಬೆಂಡೆಗಿಡ ಜಜ್ಜುತ್ತಾರೆ.

ಹೊಸ ರಸ ಕಾಯುತ್ತದೆ. ಲೋಳೆ ಬೀಳುತ್ತದೆ. ಅವರು ಸುತ್ತುತ್ತಲೇ ಇದ್ದಾರೆ. ಆಗ ಅಂಚಿನಿಂದ ಕಪ್ಪು ಪದರವೊಂದು ಎಲ್ಲೂ ಬಿರಿಯದೆ ಹಾಸಿಕೊಂಡು ಬರುತ್ತದೆ. ಸೌಟಿನಿಂದ ಎತ್ತಿದರೆ ಅಡಿಯಲ್ಲಿ ಜೇನುಬಣ್ಣದ ರಸ.

ಭೀಮಗೊಂಡ ಬಗ್ಗಿ ನೋಡಿ ಕೇಳುತ್ತಾರೆ: "ನಾಳೀಗಿ ಬೆಂಡಿಗಿಡ ಎಷ್ಟ ತರಸ್ಲಿ?"

"ಎರಡ ಹೊರಿ ಸಾಕ್ರಿ. ಮತ್ತ ಇವತ್ತ ಒಂದ ತುಣುಕ ಬಿಸಿ ಬೆಲ್ಲ ಕೊಡ್ರಿ. ನೊರಿ ತಗಿಯೂದ್ರಾಗ ಇಷ್ಟ ವರ್ಷ ಹೋದುವು, ಒಮ್ಮೇನೂ ಕುಂತ ತಿಂದಿಲ್ಲ."