ಅವಳು ಇಟ್ಟ ಜಾಗ

ಧೂಳು ಕಾದಾಗ ಬರುವ ವಾಸನೆಯೇ ಬೇರೆ. ಕುಮಟಾದ ನಮ್ಮ ಆಫೀಸಿನಲ್ಲಿ ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಚಾಲೂ ಮಾಡಿ ನೋಡುವ ಕೆಲಸ ಮೊನ್ನೆ ನನ್ನ ತಲೆಗೆ ಬಂತು. ಮೂಲೆಯಲ್ಲಿದ್ದ ಒಂದರ ಗುಂಡಿ ಒತ್ತಿದೆ. ಫ್ಯಾನು ಗೊರಗೊರ ಎಂದು ತಿರುಗಿ, ಬಿಸಿ ಧೂಳಿನ ಜೊತೆ ಉಪ್ಪುಗಾಳಿಗೆ ತುಕ್ಕು ಹಿಡಿದ ತಗಡಿನ ವಾಸನೆ ಮೂಗಿಗೆ ಬಡಿಯಿತು. ಕಪ್ಪು ಪರದೆಯ ಮೇಲೆ ಎರಡೇ ಸಾಲು. ಮೇಲೆ ವಿಂಡೋಸ್, ಕೆಳಗೆ ಲಿನಕ್ಸ್. ಯಾವುದು ಬೇಕೆಂದು ಕೇಳುತ್ತ ಸೆಕೆಂಡುಗಳು ಇಳಿಯತೊಡಗಿದವು. ಯಾರು ಯಾವಾಗ ಹಾಕಿಟ್ಟದ್ದೋ... ನನಗೆ ಮಾತ್ರ ಹೊನ್ನಾವರದ ನಮ್ಮ ಕಂಪ್ಯೂಟರ್ ಮಾಸ್ತರು ನೆನಪಾದರು.

ಅವರ ಕ್ಲಾಸು ಇದ್ದದ್ದು ಬಲೆ ಮಾರುವ ಅಂಗಡಿಯ ಮಾಳಿಗೆಯಲ್ಲಿ. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನಾನು ಕಾಯ್ಕಿಣಿಯಿಂದ ಬಸ್ಸು ಹಿಡಿದು ಹೋಗುತ್ತಿದ್ದೆ. ಕಂಪ್ಯೂಟರಿನ ವಿಷಯದಲ್ಲಿ ಮಾಸ್ತರದು ಭಾರಿ ಮಡಿ. ಒಂದೇ ಡಿಸ್ಕಿನಲ್ಲಿ ಮಷಿನು ನಡೆಸುವ ವಿಂಡೋಸ್, ಲಿನಕ್ಸ್ ಎರಡನ್ನೂ ಇಡುವುದಾದರೆ ಮೊದಲು ಡಿಸ್ಕನ್ನು ಪಾಲು ಮಾಡಬೇಕು, ಅದಕ್ಕೊಂದು ಭಾಗ, ಇದಕ್ಕೊಂದು ಭಾಗ. ಪಾಲು ಮಾಡದೆ, ವಿಂಡೋಸಿನ ಒಳಗೇ ಒಂದು ದೊಡ್ಡ ಫೈಲಿನ ಹಾಗೆ ಲಿನಕ್ಸನ್ನು ಕೂರಿಸುವ ಸುಲಭದ ದಾರಿಯೂ ಆಗ ಬಂದಿತ್ತು. ಅದರ ಮಾತೆತ್ತಿದರೆ ಮಾಸ್ತರಿಗೆ ಸಿಟ್ಟು.

"ಅದೆಂತ ಲಿನಕ್ಸ್ ಇಡೂದು ತಂಗಿ? ಬಾಡಿಗೆ ಬಿಡಾರ ಅದು. ಮನೆ ಬಿದ್ರೆ ಬಿಡಾರನೂ ಬಿತ್ತು," ಎನ್ನುತ್ತಿದ್ದರು.

ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಮಾವಿನಕುರ್ವೆಯ ಮೀನುಗಾರರ ಮನೆಯ ಮಗಳು. ಬಾಗಿಲ ಪಕ್ಕದ ಕಂಪ್ಯೂಟರು ಅಕ್ಕನದು. ಹೊಸದಾಗಿ ಸೇರುವವರ ಹೆಸರು ಹಚ್ಚಿಕೊಂಡು ಉಳಿದ ಹೊತ್ತಿನಲ್ಲಿ ಮೌಸಿನಲ್ಲೇ ಚಿತ್ರ ಬಿಡಿಸುತ್ತಿದ್ದಳು. ಶರಾವತಿಯ ಸೇತುವೆ, ಬಂಗಡೆ ಮೀನು, ಮಾಸ್ತರ ಬೋಳುತಲೆ, ತವರಿನಿಂದ ಹೊಳೆ ದಾಟಿಸುತ್ತಿದ್ದ ಅಪ್ಪನ ದೋಣಿ... ಬಿಡಿಸಿದ್ದನ್ನೆಲ್ಲ ಪರದೆಯ ಮೇಲೆ ಅಲ್ಲೊಂದು ಇಲ್ಲೊಂದು ಇಡುವಳು.

"ಇದೆಂತ ಸ್ಕ್ರೀನೋ, ಮೀನುಪೇಟೆಯೋ?" ಎಂದು ಮಾಸ್ತರು ಕಾಡಿಸಿದರೆ ಅಕ್ಕ ಸೋಲುತ್ತಿರಲಿಲ್ಲ. "ಮೀನುಪೇಟೆಲಿ ಯಾರ ಬುಟ್ಟಿ ಎಲ್ಲಿ ಅಂತ ಎಲ್ರಿಗೂ ಗೊತ್ತಿರ್ತದೆ. ನೀವು ಮುಟ್ಬೇಡಿ, ಆತು."

ಆ ಮಾತು ಸುಳ್ಳಲ್ಲ. ನಮ್ಮ ಕಡೆಯ ಪೇಟೆಗಳಲ್ಲಿ ಮೀನು ಮಾರುವ ಹೆಂಗಸು ಒಂದು ದಿನ ಬರದಿದ್ದರೆ ಅವಳ ಜಾಗದಲ್ಲಿ ಇನ್ನೊಬ್ಬಳು ಬುಟ್ಟಿ ಇಡುವುದಿಲ್ಲ. ಅಕ್ಕಪಕ್ಕದವರು ಒತ್ತೊತ್ತಾಗಿ ಕೂತರೂ ಆ ಜಾಗ ಖಾಲಿಯೇ ಇರುತ್ತದೆ.

ಒಂದು ಬೇಸಿಗೆಯಲ್ಲಿ ಜ್ವರವೆಂದು ಆಸ್ಪತ್ರೆಗೆ ಹೋದ ಅಕ್ಕ ತಿರುಗಿ ಬರಲಿಲ್ಲ. ಬಾಗಿಲ ಪಕ್ಕದ ಕಂಪ್ಯೂಟರಿನ ಮೇಲೆ ಬಟ್ಟೆ ಮುಚ್ಚಿತ್ತು. ಆದರೆ ಮಳೆಗಾಲಕ್ಕೆ ಹೊಸ ಹುಡುಗರು ಸೇರಿದರು, ಇದ್ದ ಮಷಿನುಗಳು ಸಾಲಲಿಲ್ಲ, ಮಾಸ್ತರು ತಮ್ಮದನ್ನು ಅವರಿಗೆ ಬಿಟ್ಟುಕೊಟ್ಟು ಅಕ್ಕನದರ ಮುಂದೆ ಕೂರಬೇಕಾಯಿತು. ವೈರಸ್ ಹೊಕ್ಕು ಅದರ ವಿಂಡೋಸ್ ತೆವಳುತ್ತಿತ್ತು. ಚಿತ್ರಗಳನ್ನು ಸೀಡಿಗೆ ಹಾಕಿಟ್ಟು, ಡಿಸ್ಕನ್ನು ಪೂರ್ತಿ ಅಳಿಸಿ ಫಾರ್ಮ್ಯಾಟ್ ಮಾಡಿಬಿಡಿ ಎಂದೆವು. ಸೀಡಿಗೇನೋ ಹಾಕಿಟ್ಟರು.

"ಚಿತ್ರ ಎಲ್ಲ ಸೀಡಿಗೆ ಬಂದ್ವು. ಅವಳು ಇಟ್ಟ ಜಾಗ ಬರೂದಿಲ್ಲ," ಎಂದರು.

ಆ ವಿಂಡೋಸನ್ನು ಹಾಗೇ ಬಿಟ್ಟು ಕೆಲಸಕ್ಕೆ ಪಕ್ಕದಲ್ಲಿ ಲಿನಕ್ಸ್ ಹಾಕಿಕೊಳ್ಳೋಣವೆಂದರೆ ಡಿಸ್ಕ್ ಪಾಲು ಮಾಡಲೂ ಅವರಿಗೆ ಧೈರ್ಯ ಬರಲಿಲ್ಲ. ಹಳೆಯ ಡಿಸ್ಕು, ನಡುವೆ ಕರೆಂಟು ಕೈಕೊಟ್ಟರೆ ಎಲ್ಲವೂ ಮಣ್ಣುಪಾಲು. ಕೊನೆಗೆ ಅವರು ಹಿಡಿದದ್ದು ತಾವೇ ಬಯ್ಯುತ್ತಿದ್ದ ದಾರಿಯನ್ನು. ವಿಂಡೋಸ್ ತೆರೆದು, ಸೀಡಿ ಹಾಕಿ, ಲಿನಕ್ಸನ್ನು ಒಂದು ಫೈಲಿನ ಹಾಗೆ ಅದರೊಳಗೇ ಇಳಿಸಿದರು. ಹೇಳೋದು ಶಾಸ್ತ್ರ, ಹಾಕೋದು ಗಾಳ ಎಂದು ನಾವು ಅವರ ಬೆನ್ನ ಹಿಂದೆಯೇ ನಿಂತು ನಕ್ಕೆವು. ಅವರಿಗೆ ಕೇಳಿಸಿರಬೇಕು. ಪರದೆಯ ಮೇಲೆ ಒಂದು ಚಿತ್ರವೂ ಅಲುಗಾಡಿರಲಿಲ್ಲ, ಅವರ ಗಮನವೆಲ್ಲ ಅಲ್ಲೇ ಇತ್ತು.

ಅಂದಿನಿಂದ ಬೆಳಿಗ್ಗೆ ಆ ಎರಡು ಸಾಲು ಮೂಡಿದಾಗ ಮಾಸ್ತರು ಸುಮ್ಮನೆ ಮೇಲಿನ ಸಾಲನ್ನು ನೋಡುತ್ತ ಕೂರುತ್ತಿದ್ದರು. ಸೆಕೆಂಡು ಮುಗಿಯುವ ಹೊತ್ತಿಗೆ ಕೆಳಗಿನ ಸಾಲಿಗೆ ಇಳಿದು ಲಿನಕ್ಸ್ ತೆರೆಯುವರು. ಯಾವಾಗಲೋ ಒಮ್ಮೆ ವಿಂಡೋಸನ್ನೂ ತೆರೆದು, ಏನನ್ನೂ ಮುಟ್ಟದೆ, ಒಂದು ಗಳಿಗೆ ನೋಡಿ ಮುಚ್ಚುವರು. ಆ ವರ್ಷ ಕರೆಂಟು ಲೆಕ್ಕವಿಲ್ಲದಷ್ಟು ಸಲ ಹೋಯಿತು. ಯುಪಿಎಸ್ಸಿನ ಬ್ಯಾಟರಿ ಸತ್ತಿತ್ತು, ಅದನ್ನು ಬದಲಿಸುವ ಮನಸ್ಸೂ ಅವರಿಗಿರಲಿಲ್ಲ. ಒಂದು ಮಧ್ಯಾಹ್ನ ಹೋದ ಕರೆಂಟು ತಿರುಗಿ ಬಂದರೂ ಆ ಎರಡು ಸಾಲು ಬರಲಿಲ್ಲ. ಲಿನಕ್ಸೂ ಇಲ್ಲ, ವಿಂಡೋಸೂ ಇಲ್ಲ. ಮಾಸ್ತರು ಊಟ ಬಿಟ್ಟು ಹೆಣಗಿದರು, ಗೊತ್ತಿದ್ದವರನ್ನೆಲ್ಲ ಕೇಳಿದರು. ಆಗಲಿಲ್ಲ.

"ನಾ ಲಿನಕ್ಸಲ್ಲಿ ಬೇರೆಯಾಗಿ ಕೂತಿದ್ದೆ ಅಂದ್ಕಂಡಿದ್ದೆ ತಂಗಿ. ಕರೆಂಟ್ ಹೋದಾಗೆಲ್ಲ ಪೆಟ್ಟು ಬಿದ್ದದ್ದು ಅವಳ ಡಿಸ್ಕಿಗೆ," ಎಂದರು.

ಹೊಸದಾಗಿ ವಿಂಡೋಸ್ ಹಾಕಿ, ಸೀಡಿಯಿಂದ ಚಿತ್ರಗಳನ್ನು ತಂದು, ಒಂದೊಂದನ್ನೇ ಎಳೆದು ಅದರದರ ಜಾಗದಲ್ಲಿ ಇಡತೊಡಗಿದರು. ಸೇತುವೆ ಎಡಗಡೆ ಮೇಲೆ. ಅದರ ಕೆಳಗೆ ಬಂಗಡೆ. ನಡುವೆ ಬೋಳುತಲೆ. ದೋಣಿಯ ಜಾಗ ಮಾತ್ರ ನೆನಪಿಗೆ ಬರಲಿಲ್ಲ...

"ದೋಣಿ ಎಲ್ಲಿತ್ತೇ?" ಎಂದು ನನ್ನನ್ನು ಕೇಳಿದರು.

"ಎಡಗಡೆಗೆ ಅಲ್ದಾ ಮಾಸ್ತರೇ?" ಎಂದೆ. ಅಂದಾಜಿನ ಮೇಲೆ ಹೇಳಿದ್ದು. ಅಲ್ಲಿಟ್ಟು ನೋಡಿದರು, ತಲೆ ಅಲ್ಲಾಡಿಸಿದರು. ಪಕ್ಕದವಳು ನಡುವೆ ಇತ್ತು ಎಂದಳು. ಅದೂ ಅಲ್ಲ. ಆಮೇಲೆ ದಿನಾ ಬೆಳಿಗ್ಗೆ ದೋಣಿ ಒಂದೊಂದು ಕಡೆ ಇರುತ್ತಿತ್ತು, ಕೇಳುವುದನ್ನೂ ಅವರು ಬಿಟ್ಟರು. ನನಗೆ ಕುಮಟಾದಲ್ಲಿ ಕೆಲಸ ಸಿಕ್ಕಿತು. ಮಾಸ್ತರು ಕ್ಲಾಸು ಮುಚ್ಚಿ ಭಟ್ಕಳದ ತಂಗಿಯ ಮನೆಗೆ ಹೋದರಂತೆ. ಅಲ್ಲೇ ತೀರಿಕೊಂಡ ಸುದ್ದಿ ನನ್ನನ್ನು ಮುಟ್ಟುವಾಗ ಹನ್ನೆರಡನೆಯ ದಿನದ ಕಾರ್ಯವೂ ಮುಗಿದಿತ್ತು.

ಮೊನ್ನೆ ನಾನು ಇದನ್ನೆಲ್ಲ ನೆನೆಯುತ್ತ ಕೂತಿರುವಾಗಲೇ ಸೆಕೆಂಡುಗಳು ಮುಗಿದು ವಿಂಡೋಸ್ ತಾನಾಗಿ ತೆರೆದುಕೊಂಡಿತು. ಯಾರದೋ ಪರದೆ. ಬಲಗಡೆ ಕೆಳಗೆ, ಗಡಿಯಾರದ ಅಂಕಿಗಳ ನೇರ ಮೇಲೆ, ಒಂದೇ ಒಂದು ಫೈಲು ಒಂಟಿಯಾಗಿತ್ತು. ಅದನ್ನು ನೋಡಿದ್ದೇ ನೆನಪಾಯಿತು. ಅಕ್ಕನ ದೋಣಿ ಇದ್ದದ್ದೂ ಅಲ್ಲೇ. ಲಿನಕ್ಸ್ ಹಾಕಿದ ದಿನ ಮಾಸ್ತರ ಬೆನ್ನ ಹಿಂದೆ ನಿಂತು ನಗುವಾಗ, ಈ ದೋಣಿಯೆಲ್ಲಿ ಗಡಿಯಾರಕ್ಕೆ ಹೋಗಿ ಬಡಿಯುತ್ತದೋ ಎಂದುಕೊಂಡಿದ್ದೆ.

ನೆನಪು ಬರುವುದೇ ಆಗಿದ್ದರೆ ಅವರು ಕೇಳಿದ ದಿನ ಬರಬಾರದಿತ್ತೇ. ಆ ಪರದೆಯ ಮುಂದೆ ಬಹಳ ಹೊತ್ತು ಕೂತು ಅತ್ತುಬಿಟ್ಟೆ. ಗುಜರಿಯ ಗಾಡಿಯವರು ಬಂದು ಕೆಳಗಿನಿಂದ ಕೂಗಿದರು. ಬಂದ್ ಮಾಡುವ ಮುನ್ನ ಬಾಯಿ ಬಿಟ್ಟೇ ಹೇಳಿದೆ, "ಮಾಸ್ತರೇ, ಗಡಿಯಾರದ ಮೇಲಿತ್ತು."