ಚೀಟಿಯ ಏಳನೆಯ ಹೆಸರು

ಗೆಳೆಯರೇ, ಇವತ್ತಿನದು ಕೇಳಿ. ಓಣಿಯ ಮುನಿಸಿಪಾಲ್ಟಿ ಮೆಂಬರನಾಗಿ ಮನೆಮನೆಗೂ ರೇಷನ್ ಚೀಟಿ ಕೊಡಿಸಿದವನು ನಾನು. ಅವುಗಳಲ್ಲಿ ಸುಳ್ಳು ಹೆಸರಿದ್ದರೆ ಹೊಡೆದುಹಾಕುವವನೂ ನಾನೇ. ಮಾನ್ವಿಯಿಂದ ರಾಯಚೂರಿಗೆ ಬಂದು ನೆಲೆಸಿದ ಯಂಕವ್ವನ ಮನೆಯಲ್ಲಿ ಆರು ಜನ. ಚೀಟಿಯಲ್ಲಿ ಏಳು ಹೆಸರು. ಏಳನೆಯದು ನನ್ನದು.

"ಇದೇನು, ಯವ್ವಾ?"

"ಒಂಟಿ ಮನಿಷಾಗ ಚೀಟಿ ಕೊಡಂಗಿಲ್ಲ ಅಂತ ನಿಮಗ ಅಂದ್ರಂತಲ್ರೀ. ದಿನಾ ಖಾನಾವಳ್ಯಾಗ ಉಣ್ಣಾಕತ್ತೀರಿ. ನಮ್ಮ ಮನಿಗೆ ಬರ್ರಿ."

ಒಂದು ಮನೆಯವರ ಹೆಸರುಗಳ ಕೆಳಗೆ ನನ್ನ ಹೆಸರು. ಎರಡು ಸಲ ಓದಿದೆ.

"ಸುಳ್ಳಾಗ್ತದ, ಯವ್ವಾ."

"ಬಂದು ಉಂಡ್ರ ಖರೇ ಆಗ್ತದ."

ನನ್ನ ಹೆಸರಿನ ಮೇಲೆ ಗೀಟು ಎಳೆದೆ. ಸುತ್ತ ನಿಂತವರು ನನ್ನ ಪ್ರಾಮಾಣಿಕತೆಯನ್ನು ಬಾಯ್ತುಂಬ ಹೊಗಳಿದರು. ಹೊಗಳಿ, ಊಟದ ಹೊತ್ತಾಯಿತೆಂದು ತಮ್ಮ ತಮ್ಮ ಮನೆಗೆ ಹೋದರು.